ಹಿಂದಿನ ಸೀಟಿನ ಕೆಳಗೆ ಬಿದ್ದ ಎಣ್ಣೆ

1950ರ ಬೇಸಿಗೆಯ ಮಾತು. ಬಳ್ಳಾರಿ ಆಗ ಮದರಾಸ್ ರಾಜ್ಯಕ್ಕೆ ಸೇರಿತ್ತು. ಕೋಟೆ ಗುಡ್ಡದ ಬುಡದಲ್ಲಿದ್ದ ಒಂದು ಮೋಟಾರ್ ವರ್ಕ್‌ಶಾಪಿನಲ್ಲಿ ನಾನು ಹೆಡ್ ಮೇಸ್ತ್ರಿಯಾಗಿದ್ದೆ. ವಯಸ್ಸು ಮೂವತ್ತು. ಯುದ್ಧದ ಕಾಲದಲ್ಲಿ ನಾಲ್ಕು ವರ್ಷ ಸೈನ್ಯದ ವರ್ಕ್‌ಶಾಪಿನಲ್ಲಿ ಟ್ರಕ್ಕುಗಳ ಕೆಳಗೆ ಮಲಗಿ ಕೆಲಸ ಕಲಿತವನು. ಇಂಜಿನ್ನಿನಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಇಲ್ಲವೆಂಬ ಸೊಕ್ಕು ನೆತ್ತಿಗೇರಿತ್ತು. ಎರ್ರಿಸ್ವಾಮಿ ಮೇಸ್ತ್ರಿಯ ಕೈ ಒಳ್ಳೇದು, ಬಾಯಿ ಕೆಟ್ಟದ್ದು ಎಂದು ಜನ ಹೇಳುತ್ತಿದ್ದರು. ಅದನ್ನು ನಾನು ಹೊಗಳಿಕೆ ಎಂದೇ ತಿಳಿದಿದ್ದೆ.

ಏಪ್ರಿಲ್ ತಿಂಗಳಲ್ಲಿ ಸಿರುಗುಪ್ಪದಿಂದ ಒಂದು ಹಳೇ ಕಾರು ಬಂತು. 1934ರ ಮಾಡೆಲ್, ನಾಲ್ಕು ಸಿಲಿಂಡರ್, ಕಪ್ಪು ಬಣ್ಣ, ಮೈ ತುಂಬಾ ನಮ್ಮ ಎರೆಭೂಮಿಯ ಧೂಳು. ಓಡಿಸಿಕೊಂಡು ಬಂದವನು ಹೊನ್ನೂರಪ್ಪ, ಐವತ್ತು ದಾಟಿದ ಡ್ರೈವರ್. ಗಾಡಿ ಅವನ ಯಜಮಾನರಾದ ಡಾಕ್ಟರ್ ವೀರಭದ್ರಪ್ಪನವರದು. ಅವರು ಜನವರಿಯಲ್ಲಿ ತೀರಿಕೊಂಡಿದ್ದರು. ಈಗ ಅದನ್ನು ಬಳಸುತ್ತಿದ್ದವರು ಅವರ ಹೆಂಡತಿ ಶಾಂತಮ್ಮ. ಆಕೆ ನರ್ಸ್ ಕೆಲಸ ಕಲಿತವರು, ಸುತ್ತಲಿನ ಹಳ್ಳಿಗಳಿಗೆ ಹೆರಿಗೆ ಮಾಡಿಸಲು ಹೋಗುತ್ತಿದ್ದವರು. ಹೆರಿಗೆ ಕಷ್ಟವಾದರೆ ಬಸುರಿ ಹೆಂಗಸನ್ನು ಇದೇ ಗಾಡಿಯಲ್ಲಿ ಬಳ್ಳಾರಿಯ ಆಸ್ಪತ್ರೆಗೆ ತರುತ್ತಿದ್ದರು. ಸಿರುಗುಪ್ಪದಿಂದ ಬಳ್ಳಾರಿಗೆ ಮೂವತ್ತೈದು ಮೈಲಿಯ ಸುಮಾರು. ಎತ್ತಿನ ಗಾಡಿಯಲ್ಲಿ ಬಂದರೆ ಒಂದು ಇಡೀ ದಿನ ಬೇಕು, ಅಷ್ಟು ಹೊತ್ತು ಹೆರಿಗೆ ಕಾಯುವುದಿಲ್ಲ.

ತೊಂದರೆ ಏನೆಂದರೆ ಎಣ್ಣೆ ಸೋರಿಕೆ. ನಿಂತಲ್ಲೆಲ್ಲ ಹಿಂದಿನ ಸೀಟಿನ ನೇರಕ್ಕೆ ಕೆಳಗೆ ಎಣ್ಣೆ ಬೀಳುತ್ತಿತ್ತು. ಇಂಜಿನ್ ಇರುವುದು ಮುಂದೆ, ಎಣ್ಣೆ ಬೀಳುವುದು ಹಿಂದೆ. ತಿಳಿಯದವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ, ಮೇಸ್ತ್ರಿಗಳಿಗೆ ಇದು ಮಾಮೂಲು. ಗಾಡಿ ಓಡುವಾಗ ಗಾಳಿಯು ಎಣ್ಣೆಯನ್ನು ಗಾಡಿಯ ತಳದ ಚೌಕಟ್ಟಾದ ಚಾಸಿಯ ಕಬ್ಬಿಣದ ಮೇಲೆ ಹಿಂದಕ್ಕೆ ತಳ್ಳಿಕೊಂಡು ಹೋಗುತ್ತದೆ, ನಿಂತಾಗ ಅದು ಅಲ್ಲಿಂದ ತೊಟ್ಟಿಕ್ಕುತ್ತದೆ.

ಹೊನ್ನೂರಪ್ಪ ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿ ಕೈಯಲ್ಲಿ ಹಿಂಡುತ್ತಾ ನಿಂತಿದ್ದ.

"ಮೇಸ್ತ್ರಿ, ಬಿಚ್ಚಾಕಿಂತ ಮುಂಚೆ ಒಂದು ಮಾತು ಹೇಳಬೇಕಾಗಿತ್ರಿ."

"ಇಂಜಿನ್ನಿಗೆ ಮಾತು ಬ್ಯಾಡಪಾ, ಪಾನಾ ಬೇಕು. ಹೋಗಿ ನೆಳ್ಳಾಗ ಕುಂದ್ರು," ಎಂದು ಸ್ಪ್ಯಾನರ್ ಎತ್ತಿಕೊಂಡೆ.

ಅವನು ಹೋಗಿ ಕೂತ. ಆ ಮಾತನ್ನು ನಾನು ಆಡಬಾರದಿತ್ತು. ಎಷ್ಟು ಆಡಬಾರದಿತ್ತೆಂಬುದು ಒಂದು ತಿಂಗಳಾದ ಮೇಲೆ ತಿಳಿಯಿತು.

ಇಂಜಿನ್ನಿನ ಕೆಳಗೆ ಎಣ್ಣೆ ನಿಲ್ಲುವ ತೊಟ್ಟಿಗೆ ಸಂಪ್ ಎನ್ನುತ್ತೇವೆ. ಅದನ್ನು ಇಳಿಸಿದೆ. ಸಂಪಿಗೂ ಇಂಜಿನ್ನಿಗೂ ನಡುವೆ ಇರುವ ಬೆಂಡಿನ ಪ್ಯಾಕಿಂಗ್ ಒಣಗಿ ಬಿರಿದಿತ್ತು. ಡಾಕ್ಟರು ಸತ್ತ ಮೇಲೆ ಗಾಡಿ ಒಂದು ತಿಂಗಳು ಶೆಡ್ಡಿನಲ್ಲಿ ಸುಮ್ಮನೆ ನಿಂತಿತ್ತಂತೆ. ನಿಂತ ಗಾಡಿಯಲ್ಲಿ ಪ್ಯಾಕಿಂಗ್ ಒಣಗುತ್ತದೆ. ಇಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್ ಶಾಫ್ಟು ಹಿಂದೆ ಹೊರಬರುವ ಜಾಗಕ್ಕೆ ರಿಯರ್ ಮೇನ್ ಬೇರಿಂಗ್ ಎಂದು ಹೆಸರು. ಅಲ್ಲಿ ಹಗ್ಗದಂಥ ಒಂದು ಪ್ಯಾಕಿಂಗ್ ಇರುತ್ತದೆ, ಅದೂ ಸವೆದಿತ್ತು. ಎರಡನ್ನೂ ಹೊಸದು ಹಾಕಿದೆ. ಮೂರು ದಿನದ ಕೆಲಸ. ಊರು ಒಂದು ಸುತ್ತು ಹೊಡೆಸಿ ನೋಡಿದಾಗ ಹನಿ ಇಲ್ಲ. "ಇನ್ನ ಹತ್ತು ವರ್ಷ ತಿರುಗಿ ನೋಡಬ್ಯಾಡ ಹೋಗು," ಎಂದು ಹೊನ್ನೂರಪ್ಪನನ್ನು ಕಳಿಸಿಕೊಟ್ಟೆ. ಅವನ ಮುಖದಲ್ಲಿ ಮಾತ್ರ ಸಂತೋಷ ಕಾಣಲಿಲ್ಲ.

ಮೇ ತಿಂಗಳಲ್ಲಿ ಶಾಂತಮ್ಮನವರಿಂದ ಒಂದು ಕಾರ್ಡು ಬಂತು. ಅಕ್ಷರ ಮುತ್ತಿನಂತಿತ್ತು, ವಿಷಯ ಹಾಗಿರಲಿಲ್ಲ. ಎಣ್ಣೆ ಮೊದಲಿಗಿಂತ ಜಾಸ್ತಿ ಸೋರುತ್ತಿದೆ, ಅಮಾವಾಸ್ಯೆ ಕಳೆದ ಮೇಲಂತೂ ತೀರಾ ಹೆಚ್ಚು, ದಯವಿಟ್ಟು ಬಂದು ನೋಡಬೇಕು ಎಂದು ಬರೆದಿದ್ದರು. ಅಮಾವಾಸ್ಯೆಗೂ ಆಯಿಲ್ ಸಂಪಿಗೂ ಏನು ಸಂಬಂಧ! ಕಾರ್ಡನ್ನು ಜೇಬಿಗೆ ತುರುಕಿಕೊಂಡು ಬಯ್ದುಕೊಳ್ಳುತ್ತಾ ಬೆಳಗಿನ ಬಸ್ಸು ಹತ್ತಿದೆ.

ಸಿರುಗುಪ್ಪದಲ್ಲಿ ಇಳಿದಾಗ ಬಿಸಿಲು ನೆತ್ತಿಯ ಹತ್ತಿರ ಬಂದಿತ್ತು. ಡಾಕ್ಟರ ಮನೆಗೆ ದಾರಿ ಕೇಳಿದರೆ ಪಾನ್ ಅಂಗಡಿಯವನು ಬೆರಳು ತೋರಿಸಿ, "ಗಾಡಿಗೆ ಹಿಡಿದದ್ದನ್ನ ಬಿಡಿಸಾಕ ಬಂದೀರೇನು?" ಎಂದ. ರಿಪೇರಿಗೆ ಬಂದಿದ್ದೇನೆ ಎಂದೆ. "ಅದ ಅಂದೆ ನಾನೂ," ಎಂದು ಎಲೆಗೆ ಸುಣ್ಣ ಹಚ್ಚತೊಡಗಿದ. ಆ ಓಣಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಮನೆಗಳ ಬಾಗಿಲು ಮುಚ್ಚಿದ್ದವು. ಡಾಕ್ಟರ ಶೆಡ್ಡಿನ ಎದುರಿನ ಗೋಡೆಗಳ ಮೇಲೆ ಮಾತ್ರ ಹೊಸದಾಗಿ ಬೇವಿನ ಸೊಪ್ಪು ಕಟ್ಟಿದ್ದರು.

ಶೆಡ್ಡಿನ ನೆಲ ಸುಣ್ಣದ ಗಚ್ಚು, ಬೆಳ್ಳಗಿತ್ತು. ಗಾಡಿಯನ್ನು ಸ್ವಲ್ಪ ಮುಂದಕ್ಕೆ ತಳ್ಳಿಸಿ ನೋಡಿದೆ. ಹಿಂದಿನ ಸೀಟಿನ ಕೆಳಗಿದ್ದ ಜಾಗದಲ್ಲಿ ಕೆಂಪು ಮಿಶ್ರಿತ ಕಪ್ಪು ಕಲೆ ಆಳುದ್ದ ಹರಡಿತ್ತು. ಒಂದು ತುದಿ ದುಂಡಗೆ, ಅದರ ಕೆಳಗೆ ಅಗಲ, ಆಮೇಲೆ ಸಣ್ಣದಾಗುತ್ತಾ ಎರಡು ಸೀಳು. ಯಾರೋ ಅಂಗಾತ ಮಲಗಿ ಎದ್ದು ಹೋದ ಗುರುತಿನ ಹಾಗೆ. ಗಚ್ಚಿನ ಇಳಿಜಾರಿಗೆ ಎಣ್ಣೆ ಹಾಗೆ ಹರಿದಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಅದನ್ನು ತುಳಿಯದೆ ಬಳಸಿಕೊಂಡು ಹೋದೆ.

ಶಾಂತಮ್ಮ ಹೊರಗೆ ಬಂದರು. ನಲವತ್ತರ ಆಸುಪಾಸು, ಬಿಳಿ ಸೀರೆ, ಹಣೆಯಲ್ಲಿ ವಿಭೂತಿ. ಮಾತು ಕಡಿಮೆ, ನೇರ.

"ಮೇಸ್ತ್ರಿ, ಹೋದ ವಾರ ಸಿರಿಗೇರಿಯೊಳಗ ಒಂದು ಕೇಸಿತ್ತು. ಕೂಸು ಅಡ್ಡ ಬಿದ್ದಿತ್ತು. ಬಳ್ಳಾರಿಗೆ ಒಯ್ಯೋಣಂದ್ರ ಆ ಮನಿಯವ್ರು ಈ ಗಾಡ್ಯಾಗ ಹತ್ತಸಲಿಲ್ಲ. ರಕ್ತ ಸುರಿಸೋ ಗಾಡಿ ಅಂದ್ರು. ಎತ್ತಿನ ಬಂಡ್ಯಾಗ ಹಾಕ್ಕೊಂಡು ಹೊಂಟ್ರು, ನಾನೂ ಜೊತಿಗೆ ಹೋದೆ. ಅರ್ಧ ದಾರ್ಯಾಗ ಆಕಿ ಹೋದ್ಲು, ಕೂಸೂ ಹೋತು. ನೀವು ಇದನ್ನ ಸರಿ ಮಾಡಿ ಕೊಡಲಿಲ್ಲಂದ್ರ ನಾನು ಇನ್ನೊಂದು ಹೆಣದ ಜೋಡಿ ಬಂಡ್ಯಾಗ ಕುಂದ್ರಬೇಕಾಕ್ಕತಿ. ನನ್ನ ಕೈಲಾಗಂಗಿಲ್ಲ."

ನಾನು ಹೊಸ ಪ್ಯಾಕಿಂಗ್ ಹಾಕಿ ಹತ್ತು ವರ್ಷದ ಗ್ಯಾರಂಟಿ ಕೊಟ್ಟ ಗಾಡಿ ಅದು.

ಡಾಕ್ಟರು ಸತ್ತ ಬಗೆಯನ್ನು ಹೊನ್ನೂರಪ್ಪ ಆಗ ಹೇಳಿದ. ಕೆಂಚನಗುಡ್ಡದಲ್ಲಿ ಒಬ್ಬ ರೋಗಿಯನ್ನು ನೋಡಿಕೊಂಡು ಮಟಮಟ ಮಧ್ಯಾಹ್ನ ವಾಪಸ್ಸು ಹೊರಟಿದ್ದರಂತೆ. ಡಾಕ್ಟರು ಹಿಂದಿನ ಸೀಟಿನಲ್ಲಿ, ಇವನು ಸ್ಟಿಯರಿಂಗ್ ಮುಂದೆ. "ನಾನು ಮಗಳ ಲಗ್ನದ ಮಾತು ತಗದೆ ನೋಡ್ರಿ. ನಾಕು ಮೈಲಿ ಮಾತಾಡಿಕೋತ ಬಂದೆ. ಅಯ್ಯನೋರು ಸುಮ್ಮನ ಕೇಳಾಕತ್ಯಾರ ಅಂದ್ಕೊಂಡೆ. ಮನಿ ಮುಂದ ನಿಲ್ಲಿಸಿ ಬಾಗಿಲಾ ತಗದ್ರ ಮೈ ಆಗಲೇ ತಣ್ಣಗಿತ್ತು. ನಾಕು ಮೈಲಿ ಯಾರ ಜೋಡಿ ಮಾತಾಡಿದೆ ನಾನು?"

ಅಷ್ಟರಲ್ಲಿ ನಮ್ಮ ಮೂವರ ನಡುವೆ, ಇಂಜಿನ್ ಚಾಲೂ ಇರದ ಗಾಡಿಯ ಕೆಳಗಿಂದ ಟಪ್ ಎಂದಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ. ಹೊನ್ನೂರಪ್ಪ ಕಣ್ಣು ಮುಚ್ಚಿಕೊಂಡ.

ಸೋರಿಕೆ ಹಿಡಿಯಲು ನಮ್ಮ ಕಸುಬಿನಲ್ಲಿ ಒಂದು ಉಪಾಯವಿದೆ. ಇಂಜಿನ್ನನ್ನು ಸೀಮೆ ಎಣ್ಣೆಯಿಂದ ತೊಳೆದು ಒಣಗಿಸಿ, ಮೈಮೇಲೆಲ್ಲ ಬಿಳಿ ಪುಡಿ ಉದುರಿಸಿ, ಸ್ವಲ್ಪ ದೂರ ಓಡಿಸಬೇಕು. ಎಲ್ಲಿ ಎಣ್ಣೆ ಹೊರಡುತ್ತದೋ ಅಲ್ಲಿ ಮೊದಲು ಪುಡಿ ಒದ್ದೆಯಾಗುತ್ತದೆ. ಸೀಮೆಸುಣ್ಣದ ಪುಡಿ ಬಳ್ಳಾರಿಯಲ್ಲೇ ಮರೆತಿದ್ದೆ. ಶಾಂತಮ್ಮನವರ ಮನೆಯಿಂದ ರಂಗೋಲಿ ಪುಡಿ ತರಿಸಿ ಉದುರಿಸಿದೆ. ಎದುರು ಮನೆಯ ಕಿಟಕಿಗಳು ಒಂದೊಂದಾಗಿ ತೆರೆದವು. ಬಳ್ಳಾರಿ ಮಂತ್ರವಾದಿ ಗಾಡಿಗೆ ಭಸ್ಮ ಹಾಕುತ್ತಿದ್ದಾನೆಂದು ಸಂಜೆಯೊಳಗೆ ಊರೆಲ್ಲ ಸುದ್ದಿ. ಸೈನ್ಯದಲ್ಲಿ ಕಲಿತ ವಿದ್ಯೆಗೆ ಸಿಕ್ಕ ಮರ್ಯಾದೆ ಇದು!

ಓಡಿಸಲು ಹೊನ್ನೂರಪ್ಪನನ್ನು ಕರೆದೆ. "ಅಮ್ಮಾರು ಕುಂತ್ರ ಹೊಡೀತೀನ್ರಿ. ಅವರು ಇಲ್ದ ನಾ ಒಲ್ಲೆ," ಎಂದ. ಹಾಳಾಗಿ ಹೋಗಲಿ ಎಂದು ಒಬ್ಬನೇ ಹೊರಟೆ.

ಬಳ್ಳಾರಿ ರಸ್ತೆಯಲ್ಲಿ ಮೂರು ಮೈಲಿ ಹೋಗಿರಬೇಕು. ಎರಡೂ ಕಡೆ ಹತ್ತಿ ಕಿತ್ತು ಖಾಲಿಯಾದ ಹೊಲ, ಬಿರುಕು ಬಿಟ್ಟ ಕರಿ ಮಣ್ಣು. ಎದುರಿಗೆ ಬಂದ ಒಂದು ಎತ್ತಿನ ಬಂಡಿಯವನು ಗಾಡಿಯ ಗುರುತು ಹಿಡಿದು ಬಂಡಿಯನ್ನೇ ಹೊಲಕ್ಕೆ ಇಳಿಸಿದ. ಆಮೇಲೆ ಯಾರೂ ಇಲ್ಲ. ಇಂಜಿನ್ ಚೆನ್ನಾಗಿ ಕಾದಿತ್ತು. ಆಗ ಮೂಗಿಗೆ ವಾಸನೆ ಬಂತು. ಮೊದಲು ಸಣ್ಣಗೆ, ನಂತರ ಗಾಡಿ ತುಂಬಾ. ಕರ್ಪೂರ, ಲೋಬಾನ. ಹೆಣದ ಮುಂದೆ ಹಾಕುವ ವಾಸನೆ.

ನಾನು ದೆವ್ವ ನಂಬುವವನಲ್ಲ. ಆದರೆ ನಿಜ ಹೇಳಬೇಕು: ಹಿಂದಿನ ಸೀಟು ಕಾಣುವ ಕನ್ನಡಿಯತ್ತ ನೋಡಲು ನನಗೆ ಧೈರ್ಯ ಬರಲಿಲ್ಲ. ಕೈಯೆತ್ತಿ ಕನ್ನಡಿಯನ್ನು ಬೇರೆ ಕಡೆ ತಿರುಗಿಸಿದೆ. ಒಂದು ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ ಹಾರಿ ಇಳಿದೆ. ಹಿಂದಿನ ಬಾಗಿಲು ತೆಗೆಯಲಿಲ್ಲ, ಸೀದಾ ಬಾನೆಟ್ ಎತ್ತಿದೆ. ಕೈಗೆ ಗೊತ್ತಿದ್ದ ಕೆಲಸ ಅದೊಂದೇ.

ರಂಗೋಲಿ ಪುಡಿ ಒಂದು ಕಡೆ ಒದ್ದೆಯಾಗಿರಲಿಲ್ಲ. ಎಲ್ಲ ಕಡೆ ಒದ್ದೆಯಾಗಿತ್ತು! ಮುಂದಿನ ಪುಲ್ಲಿಯ ಹತ್ತಿರ, ಪಕ್ಕದ ಪ್ಲೇಟಿನ ಅಂಚಿನಲ್ಲಿ, ಮೇಲಿನ ಕವರಿನಲ್ಲಿ, ಕೆಳಗೆ ನಾನು ಹಾಕಿದ್ದ ಹೊಸ ಪ್ಯಾಕಿಂಗಿನ ಸುತ್ತಲೂ. ಇಂಜಿನ್ ಮೈಯೆಲ್ಲ ಬೆವೆತಂತೆ ಎಣ್ಣೆ ಜಿನುಗುತ್ತಿತ್ತು. ಒಂದು ಕಡೆ ಸೋರಿದರೆ ಪ್ಯಾಕಿಂಗ್ ತಪ್ಪು. ಎಲ್ಲ ಕಡೆ ಸೋರಿದರೆ ಪ್ಯಾಕಿಂಗ್ ತಪ್ಪಲ್ಲ, ಒಳಗಿನಿಂದ ಏನೋ ದೂಡುತ್ತಿದೆ ಎಂದರ್ಥ. ಏನು ಎಂಬ ಪ್ರಶ್ನೆಗೆ ಆ ನಿಮಿಷದಲ್ಲಿ ನನ್ನ ತಲೆಗೆ ಬಂದ ಮೊದಲ ಉತ್ತರವನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ.

ಎಣ್ಣೆ ಹಾಕುವ ಮುಚ್ಚಳಕ್ಕೆ ಕೈ ಹಾಕಿದೆ. ನಮ್ಮ ಕಡೆಯ ಧೂಳು ಒಳಗೆ ಹೋಗಬಾರದೆಂದು ಡಾಕ್ಟರು ಅದಕ್ಕೆ ಚರ್ಮದ ವಾಷರ್ ಹಾಕಿಸಿ ಬಿಗಿ ಮಾಡಿಸಿದ್ದರು. ಅರ್ಧ ಸುತ್ತು ತಿರುಗಿಸಿದೆನೋ ಇಲ್ಲವೋ, ಇಂಜಿನ್ ಉಸ್ಸ್ ಎಂದು ನೀಳವಾಗಿ ಉಸಿರು ಬಿಟ್ಟಿತು. ಮುಖಕ್ಕೆ ಬಿಸಿ ಗಾಳಿ ಬಡಿಯಿತು. "ಅಯ್ಯಪ್ಪಾ!" ಎಂದು ಕೂಗಿ ಹಿಂದಕ್ಕೆ ಬಿದ್ದೆ. ಬಿದ್ದಲ್ಲೇ ಕೂತು ಬಾನೆಟ್ ನೋಡುತ್ತಾ ಇದ್ದೆ. ಎದ್ದು ಮೈಯ ಧೂಳು ಕೊಡವಿಕೊಳ್ಳುವಾಗ ಎರಡನೇ ಉತ್ತರ ಬುದ್ಧಿಗೆ ಬಂತು.

ಯಾವ ಇಂಜಿನ್ನಿನಲ್ಲಾದರೂ ಸಿಲಿಂಡರಿನಿಂದ ಒಂದಿಷ್ಟು ಗ್ಯಾಸು ಪಿಸ್ಟನ್ನಿನ ರಿಂಗುಗಳನ್ನು ದಾಟಿ ಕೆಳಗಿನ ಸಂಪಿಗೆ ಇಳಿಯುತ್ತದೆ. ಹಳೇ ಇಂಜಿನ್ನಿನಲ್ಲಿ ಹೆಚ್ಚು ಇಳಿಯುತ್ತದೆ. ಅದು ಹೊರಹೋಗಲೆಂದು ಬ್ರೀದರ್ ಪೈಪ್ ಎಂಬ ಹೆಬ್ಬೆಟ್ಟು ಗಾತ್ರದ ಕೊಳವೆ ಇಂಜಿನ್ನಿನ ಪಕ್ಕದಿಂದ ನೆಲದ ಕಡೆಗೆ ಬಗ್ಗಿರುತ್ತದೆ. ಅದು ಮುಚ್ಚಿಹೋದರೆ ಒಳಗೆ ಒತ್ತಡ ಏರುತ್ತದೆ, ಸಂದು ಸಿಕ್ಕಲ್ಲೆಲ್ಲ ಎಣ್ಣೆಯನ್ನು ಹೊರಗೆ ದೂಡುತ್ತದೆ. ನಾನು ಗಾಡಿಯ ಕೆಳಗೆ ತೂರಿ ಪೈಪಿನ ಬಾಯಿ ಮುಟ್ಟಿ ನೋಡಿದೆ. ರಸ್ತೆಯ ಕೆಸರು ಒಣಗಿ ಮೆತ್ತಿದಂತಿತ್ತು. ಏಪ್ರಿಲ್‌ನಲ್ಲೂ ಇದನ್ನು ನೋಡಿದ್ದೆ, ಕೆಸರು ಎಂದು ಬಿಟ್ಟಿದ್ದೆ. ಉಗುರಿನಿಂದ ಕೆರೆದರೆ ಕೆಸರಿನ ಕೆಳಗೆ ಅರಗು, ಅರಗಿನ ಕೆಳಗೆ ಕೆಂಪು ಬಟ್ಟೆ.

ಅಲ್ಲೇ ಕೀಳಲಿಲ್ಲ. ಮುಚ್ಚಳ ಸಡಿಲ ಬಿಟ್ಟುಕೊಂಡು ನಿಧಾನವಾಗಿ ಸಿರುಗುಪ್ಪಕ್ಕೆ ಬಂದೆ. ಶೆಡ್ಡಿನ ಮುಂದೆ ಇಬ್ಬರನ್ನೂ ನಿಲ್ಲಿಸಿಕೊಂಡೆ. ಬಾಯಿಗೆ ಬಂದಂತೆ ಬಯ್ಯಬೇಕೆಂದೇ ಬಂದಿದ್ದೆ. ಹೊನ್ನೂರಪ್ಪನ ಮುಖ ನೋಡಿ ಬೈಗುಳ ಬಿಟ್ಟೆ.

"ಆ ಪೈಪಿನ್ಯಾಗ ಏನಿಟ್ಟೀಯಪಾ?" ಎಂದೆ.

"ಅಂತ್ರ ರೀ. ಅವತ್ತು ವರ್ಕ್‌ಶಾಪಿನ್ಯಾಗ ಅದನ್ನ ಹೇಳಾಕ ಬಂದಿದ್ದೆ."

ಗಾಡಿ ಒಂದು ತಿಂಗಳು ನಿಂತು ಮತ್ತೆ ಓಡಲು ಶುರುವಾದಾಗ ಹಿಂದಿನ ಸೀಟಿನ ಕೆಳಗೆ ಮೊದಲ ಹನಿಗಳು ಬಿದ್ದಿದ್ದವು. ಅದು ಒಣಗಿದ ಪ್ಯಾಕಿಂಗ್. ಆದರೆ ಅವನಿಗೆ ಕಂಡದ್ದು ಡಾಕ್ಟರು ಸತ್ತ ಜಾಗದ ಕೆಳಗೆ ರಕ್ತ. ಗಾಡಿ ಚಾಲೂ ಮಾಡಿದರೆ ಆ ಪೈಪಿನಿಂದ ಬಿಳಿ ಹೊಗೆ ಬಿಟ್ಟು ಬಿಟ್ಟು ಬರುತ್ತಿತ್ತು. ಅಯ್ಯನೋರ ಉಸಿರು ಇಲ್ಲಿಂದಲೇ ಆಡುತ್ತಿದೆ ಎಂದು ಅವನು ನಂಬಿದ. ಕುರುಗೋಡಿನಲ್ಲಿ ಒಬ್ಬರ ಹತ್ತಿರ ಹೋಗಿ ಕರ್ಪೂರ, ಲೋಬಾನ, ವಿಭೂತಿ ಸೇರಿಸಿ ಮಂತ್ರಿಸಿದ ಬಟ್ಟೆಯ ಗಂಟು, ಅಂದರೆ ಅಂತ್ರ, ಕಟ್ಟಿಸಿಕೊಂಡು ಬಂದು, ಉಸಿರಾಡುವ ಬಾಯಿಗೇ ತುರುಕಿ ಅರಗು ಮೆತ್ತಿದ. ಇಂಜಿನ್ ಕಾದಾಗ ನನ್ನ ಮೂಗಿಗೆ ಬಡಿದದ್ದು ಅದರ ವಾಸನೆಯೇ. ಆಮೇಲೆ ಹನಿ ಹೋಗಿ ಧಾರೆ ಆಯಿತು. ಧಾರೆಯಾದದ್ದಕ್ಕೆ ಪ್ರತಿ ಅಮಾವಾಸ್ಯೆಗೆ ಹೊಸ ಅಂತ್ರ, ಹಳೆಯದರ ಮೇಲೆ ಇನ್ನೊಂದು. ಶಾಂತಮ್ಮನವರ ಕಾರ್ಡಿನ ಅಮಾವಾಸ್ಯೆ ಲೆಕ್ಕ ಸರಿಯಾಗಿಯೇ ಇತ್ತು. ಹೆದರಿದಷ್ಟೂ ಬಿಗಿದ, ಬಿಗಿದಷ್ಟೂ ಸೋರಿತು, ಸೋರಿದಷ್ಟೂ ಹೆದರಿದ.

ನಾನು ತಂತಿಯ ಕೊಕ್ಕೆ ಮಾಡಿ ಕಿತ್ತೆ. ನಾಲ್ಕು ಕೆಂಪು ಗಂಟುಗಳು ಬಂದವು. ಪೈಪ್ ಇನ್ನೂ ತೆರೆದಿರಲಿಲ್ಲ. ಎಲ್ಲಕ್ಕಿಂತ ಒಳಗೆ ಇನ್ನೊಂದು ಇತ್ತು. ಅದು ಬಿಳಿ ಬಟ್ಟೆ.

"ಇದು ನಂದಲ್ರಿ," ಎಂದ ಹೊನ್ನೂರಪ್ಪ. "ದೇವರಾಣಿ, ನಂದಲ್ಲ."

ಗಾಡಿಯ ಕೆಳಗೆ ಮತ್ತೆ ಟಪ್ ಎಂದಿತು.

"ಅದು ನಂದು," ಎಂದರು ಶಾಂತಮ್ಮ.

ಗಂಡನ ಕರ್ಚೀಫಿನ ತುಂಡು, ಅದರಲ್ಲಿ ಅವರು ಹಣೆಗೆ ಹಚ್ಚಿಕೊಳ್ಳುತ್ತಿದ್ದ ವಿಭೂತಿ ಗಟ್ಟಿ. ಇಂಜಿನ್ ಉಸಿರಾಡುವ ಜಾಗ ಯಾವುದೆಂದು ಡಾಕ್ಟರೇ ಒಮ್ಮೆ ಆಕೆಗೆ ತೋರಿಸಿದ್ದರಂತೆ. ದಿನಕರ್ಮ ಮುಗಿದ ಮರುದಿನ ಕೊಡೆಯ ಕಡ್ಡಿಯಿಂದ ಒಳಕ್ಕೆ ದೂಡಿದ್ದರು. ಹೊನ್ನೂರಪ್ಪನಿಗಿಂತ ಮೊದಲು. ಅರ್ಧ ಮುಚ್ಚಿದ ಪೈಪಿನಿಂದ ಹೊಗೆ ಬಿಟ್ಟು ಬಿಟ್ಟು ಬಂದದ್ದು ಅದಕ್ಕೇ.

"ಇವನು ಅವರು ಹೋಗಲಿ ಅಂತ ಕಟ್ಟಿದ. ನಾನು ಹೋಗಬಾರ್ದು ಅಂತ ಕಟ್ಟಿದ್ದೆ," ಎಂದರು. "ಮೇಸ್ತ್ರಿ, ನಾನು ಓದಿದಾಕಿ. ನಗಬ್ಯಾಡ್ರಿ."

ನಗುವುದೆಲ್ಲಿ ಬಂತು? ನನ್ನ ಕಣ್ಣು ತೇವವಾಗಿತ್ತು. ಆ ಗಂಟನ್ನು ತೆಗೆಯಬೇಕು ಎಂದು ಹೇಳಲು ಕೂಡ ನನ್ನಿಂದ ಆಗಲಿಲ್ಲ.

ಹೇಳುವ ಪ್ರಸಂಗವೂ ಬರಲಿಲ್ಲ. ಸೈಕಲ್ ಮೇಲೆ ಒಬ್ಬ ಬೆವರು ಸುರಿಸುತ್ತಾ ಬಂದು ಇಳಿದ. ಕುರುಗೋಡಿನವನು. ಅವನ ತಮ್ಮನ ಹೆಂಡತಿಗೆ ನಿನ್ನೆಯಿಂದ ನೋವು, ಮಗುವಿನ ಕೈ ಮೊದಲು ಬಂದಿದೆ ಎಂದ. ಶಾಂತಮ್ಮ ಅವನ ಮಾತು ಪೂರ್ತಿ ಕೇಳಲಿಲ್ಲ. ಬಗ್ಗಿ, ಸೀರೆಯ ಸೆರಗು ಎಣ್ಣೆಗೆ ತಾಗಿದರೂ ಲಕ್ಷ್ಯ ಕೊಡದೆ, ನನ್ನ ಕೈಯಿಂದ ತಂತಿ ಇಸಿದುಕೊಂಡು ಬಿಳಿ ಗಂಟನ್ನು ತಾವೇ ಎಳೆದು ತೆಗೆದರು.

"ಎಣ್ಣಿ ಹಾಕ್ರಿ. ಹೊನ್ನೂರಪ್ಪಾ, ಹ್ಯಾಂಡಲ್ ಹೊಡಿ," ಎಂದರು.

ಸಂಪಿಗೆ ಎಣ್ಣೆ ತುಂಬಿದೆ, ಮುಚ್ಚಳ ಬಿಗಿದೆ. ನಾನೂ ಜೊತೆಗೆ ಹೊರಟೆ. ದಾರಿಯಲ್ಲಿ ಎರಡು ಸಲ ಇಳಿದು ಡಿಪ್ ಸ್ಟಿಕ್ ಎಂಬ ಅಳತೆ ಕಡ್ಡಿ ತೆಗೆದು ನೋಡಿದೆ. ಎಣ್ಣೆಯ ಗುರುತು ಕೂದಲೆಳೆಯಷ್ಟೂ ಕೆಳಗೆ ಇಳಿದಿರಲಿಲ್ಲ. ಬ್ರೀದರ್ ಪೈಪಿನಿಂದ ಬಿಳಿ ಹೊಗೆ ಸರಾಗವಾಗಿ ಬರುತ್ತಿತ್ತು.

ಕುರುಗೋಡಿನಲ್ಲಿ ಆ ಮನೆಯ ಮುಂದೆ ಗಾಡಿ ನಿಂತಾಗ ಬಿಸಿಲು ಇಳಿಯುತ್ತಿತ್ತು. ಒಳಗಿನಿಂದ ನರಳುವ ಸದ್ದು. ಅತ್ತೆ ಎರಡು ಕೈಗಳಿಂದ ಬಾಗಿಲಿನ ಚೌಕಟ್ಟು ಹಿಡಿದು ಅಡ್ಡ ನಿಂತಳು.

"ಅಮ್ಮಾರ, ನೀವು ಒಳಗ ಬರ್ರಿ. ಆ ಗಾಡ್ಯಾಗ ಮಾತ್ರ ನನ್ನ ಸೊಸಿನ್ನ ಹಾಕಂಗಿಲ್ಲ."

ಇದಕ್ಕೆ ನನ್ನ ಹತ್ತಿರ ಸಿದ್ಧ ಉಪಾಯವಿತ್ತು. ಹೆಗಲ ಮೇಲಿನ ಬಿಳಿ ಟವೆಲ್ಲನ್ನು ಗಾಡಿಯ ಕೆಳಗೆ, ಹಿಂದಿನ ಸೀಟಿನ ನೇರಕ್ಕೆ, ನೆಲದ ಮೇಲೆ ಹಾಸಿದೆ. "ನೋಡವ್ವಾ, ಇಂಜಿನ್ ಚಾಲೂ ಇಡತೀನಿ. ಒಂದು ಹನಿ ಬಿದ್ರ ನಾನು ಬಳ್ಳಾರಿಗೆ ನಡಕೊಂಡು ಹೋಕ್ಕೀನಿ," ಎಂದೆ. ಓಣಿಯ ಜನವೆಲ್ಲ ಬಗ್ಗಿ ನೋಡಿತು. ಟವೆಲ್ ಬೆಳ್ಳಗೆ ಇತ್ತು, ಇತ್ತು, ಇತ್ತು. ಆಮೇಲೆ ನಡು ಮಧ್ಯಕ್ಕೆ ಒಂದು ಹನಿ ಬಿತ್ತು. ಚಾಸಿಯಲ್ಲಿ ಉಳಿದಿದ್ದ ಹಳೇ ಎಣ್ಣೆ, ಬೀಳಲೇಬೇಕಾದದ್ದು. ಯಾರಿಗೆ ಹೇಳಲಿ? ಹೆಂಗಸರು "ಶಿವನೇ" ಎಂದು ಹಿಂದೆ ಸರಿದರು. ನನ್ನ ವಿದ್ಯೆ ಅಲ್ಲಿಗೆ ಮುಗಿಯಿತು.

ಶಾಂತಮ್ಮ ಗಾಡಿಯ ಹಿಂದಿನ ಬಾಗಿಲು ತೆಗೆದರು. ಗಂಡ ಸತ್ತ ಮೇಲೆ ಆಕೆ ಯಾವಾಗಲೂ ಮುಂದೆ, ಡ್ರೈವರ್ ಪಕ್ಕ ಕೂರುತ್ತಿದ್ದರು. ಈಗ ಹಿಂದೆ ಹತ್ತಿ ಕೂತು ಅತ್ತೆಯ ಕಡೆ ತಿರುಗಿದರು.

"ನನ್ನ ಗಂಡ ಸತ್ತದ್ದು ಇಲ್ಲೇ, ಈ ಜಾಗದಾಗ. ಈ ಓಣ್ಯಾಗಿನ ಎಷ್ಟು ಮಕ್ಕಳು ಅವರ ಕೈಯಾಗ ಹುಟ್ಯಾವ, ನೀನೇ ಹೇಳು. ಜೀವ ಇದ್ದಾಗ ಮಂದಿ ಉಳಸಾಕ ಬಿಸಲಾಗ ತಿರುಗಿದ ಮನಷ್ಯಾ ಸತ್ತ ಮ್ಯಾಲ ಬಸರಿ ಹೆಂಗಸನ್ನ ಕೊಲ್ತಾನ? ಅವರು ಇದ್ರ ನನ್ನ ಬಾಜೂಕ ಅದಾರ. ನಿನ್ನ ಸೊಸಿ ತಲಿ ನನ್ನ ತೊಡಿ ಮ್ಯಾಲ ಇರತೈತಿ. ತಗೊಂಡು ಬಾ."

ಅತ್ತೆ ಚೌಕಟ್ಟು ಬಿಟ್ಟು ಒಳಗೆ ಹೋದಳು. ಸೊಸೆಯನ್ನು ಕಂಬಳಿಯಲ್ಲಿ ಎತ್ತಿ ತಂದರು.

ಬಳ್ಳಾರಿಗೆ ಹದಿನೆಂಟು ಮೈಲಿ. ಹೊನ್ನೂರಪ್ಪ ಆವತ್ತು ಓಡಿಸಿದ ಹಾಗೆ ಯಾರೂ ಓಡಿಸಿದ್ದನ್ನು ನಾನು ನೋಡಿಲ್ಲ. ಒಂದು ಗುಂಡಿಗೂ ಚಕ್ರ ಇಳಿಸಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಆಸ್ಪತ್ರೆ ಮುಟ್ಟಿದೆವು. ಗಂಟೆಯೊಳಗೆ ಹೆಣ್ಣು ಮಗು ಹುಟ್ಟಿತು. ತಾಯಿ ಮಗು ಇಬ್ಬರೂ ಉಳಿದರು. ಸುದ್ದಿ ಹೇಳಲು ಹೊರಗೆ ಬಂದ ಶಾಂತಮ್ಮ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ನಾಲ್ಕು ತಿಂಗಳಿಂದ ಅಳದೆ ಇದ್ದದ್ದನ್ನೆಲ್ಲ ಜೋರಾಗಿ ಅತ್ತರು. ಹೊನ್ನೂರಪ್ಪ ಸಮಾಧಾನ ಹೇಳಲು ಹೊರಟ. ನಾನು ಅವನ ತೋಳು ಹಿಡಿದು ನಿಲ್ಲಿಸಿದೆ.

ನಾನು ಆಮೇಲೆ ಮೂವತ್ತು ವರ್ಷ ಈ ಕಸುಬು ಮಾಡಿದೆ. ನನ್ನ ಕೈ ಕೆಳಗೆ ಕಲಿತವರಿಗೆಲ್ಲ ಒಂದು ನಿಯಮ ಹಾಕಿದ್ದೆ: ಗಾಡಿ ತಂದವನು ಬಾಯಿ ತೆರೆದರೆ ಅವನ ಮಾತು ಮುಗಿಯುವ ತನಕ ಪಾನಾ ಮುಟ್ಟುವಂತಿಲ್ಲ. ಅವನು ಹೇಳುವುದು ಹುಚ್ಚು ಮಾತಾಗಿದ್ದರೂ ನಗುವಂತಿಲ್ಲ. ಜನ ಹೆದರಿಕೆಯಲ್ಲಿ, ಪ್ರೀತಿಯಲ್ಲಿ ಮಾಡಿಕೊಂಡದ್ದನ್ನು ಯಾವ ಮ್ಯಾನ್ಯುಯಲ್ಲೂ ಬರೆದಿರುವುದಿಲ್ಲ, ಅವರೇ ಹೇಳಬೇಕು. ಮುಖ ನೋಡಿ ಕೇಳುವವನು ಸಿಕ್ಕರೆ ಮಾತ್ರ ಹೇಳುತ್ತಾರೆ. ಇದನ್ನು ನಾನು ದೊಡ್ಡ ಬುದ್ಧಿವಂತಿಕೆಯಿಂದ ಕಲಿತದ್ದಲ್ಲ. ಏಪ್ರಿಲ್‌ನಲ್ಲಿ ಹೊನ್ನೂರಪ್ಪನ ಒಂದು ಮಾತು ಕೇಳಲು ನನಗೆ ಎರಡು ನಿಮಿಷ ಸಾಕಿತ್ತು. ಕೇಳಿದ್ದರೆ ಸಿರಿಗೇರಿಯ ಆ ಹೆಣ್ಣುಮಗಳು ಬಂಡಿಯಲ್ಲಿ ಸಾಯುತ್ತಿರಲಿಲ್ಲ.